ಮುಗಿಯದ ಸೆಟ್ಟು, ಕತ್ತರಿಸಿದ ಪಂದ್ಯ

2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಅಂಗಳದಲ್ಲಿ ಭಾರತ ಮತ್ತು ಸರ್ಬಿಯಾ ಡೇವಿಸ್ ಕಪ್ಪಿನಲ್ಲಿ ಸೆಣಸಿದವು. ಸರ್ಬಿಯಾದ ತಂಡದಲ್ಲಿ ನೊವಾಕ್ ಜೊಕೊವಿಚ್ ಇರಲಿಲ್ಲ. ಆದರೂ ಮೊದಲ ದಿನವೇ ಯೂಕಿ ಭಾಂಬ್ರಿ, ಸೋಮದೇವ್ ದೇವವರ್ಮನ್ ಇಬ್ಬರೂ ಸೋತು ಭಾರತ 0–2ರಲ್ಲಿ ಹಿಂದೆ ಬಿತ್ತು. ಐದರಲ್ಲಿ ಮೂರು ಪಂದ್ಯ ಗೆದ್ದವರಿಗೆ ಗೆಲುವು; ಮರುದಿನದ ಡಬಲ್ಸ್ ಕೈತಪ್ಪಿದರೆ ಕಥೆ ಮುಗಿದಂತೆ. ಅಂಥ ಹೊತ್ತಿನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ಲಿಯಾಂಡರ್ ಪೇಸ್ ಮೊದಲೆರಡು ಸೆಟ್‌ಗಳನ್ನು 1–6, 6–7ರಲ್ಲಿ ಬಿಟ್ಟುಕೊಟ್ಟರು. ಎದುರಿಗಿದ್ದ ನೆನಾದ್ ಜಿಮೊಂಜಿಚ್ ಡಬಲ್ಸ್‌ನಲ್ಲಿ ಹಿಂದೊಮ್ಮೆ ವಿಶ್ವದ ನಂಬರ್ ಒನ್ ಆಗಿದ್ದವರು. ಅಲ್ಲಿಂದ ಭಾರತದ ಜೋಡಿ 6–3, 6–3, 8–6ರಲ್ಲಿ ಉಳಿದ ಮೂರೂ ಸೆಟ್‌ಗಳನ್ನು ಗೆದ್ದುಕೊಂಡಿತು. ಭಾನುವಾರ ಸೋಮದೇವ್ ಕೂಡ ದುಶಾನ್ ಲಾಯೊವಿಚ್ ಎದುರು 1–6, 6–4, 4–6ರಲ್ಲಿ ಹಿಂದಿದ್ದವರು 6–3, 6–2ರಲ್ಲಿ ತಿರುಗಿ ಬಿದ್ದರು. 0–2 ಇದ್ದದ್ದು 2–2 ಆಯಿತು. ಕೊನೆಯ ಸಿಂಗಲ್ಸ್ ಮಳೆಯಿಂದಾಗಿ ಸೋಮವಾರಕ್ಕೆ ಹೋಯಿತು; ಅದನ್ನು ಯೂಕಿ ಸೋತರು, ಭಾರತ 2–3ರಲ್ಲಿ ಸೋತಿತು.

ಈ ಸ್ಕೋರುಗಳನ್ನು ಇವತ್ತಿನ ಡೇವಿಸ್ ಕಪ್ ನಿಯಮಕ್ಕೆ ಒಡ್ಡಿ ನೋಡಿ. ಈಗ ಅಲ್ಲಿ ಮೂರು ಸೆಟ್‌ಗಳಲ್ಲಿ ಎರಡು ಗೆದ್ದವರು ಪಂದ್ಯ ಗೆದ್ದಂತೆ. ಹಾಗಾದರೆ ಬೋಪಣ್ಣ–ಪೇಸ್ ಎರಡನೆಯ ಸೆಟ್ಟಿಗೇ ಕೈಕುಲುಕಿ ಹೊರನಡೆಯಬೇಕಿತ್ತು, ಸೋಮದೇವ್ ಮೂರನೆಯದಕ್ಕೆ. ಬೆಂಗಳೂರಿನಲ್ಲಿ ಭಾರತ ಗೆದ್ದ ಎರಡೂ ಪಂದ್ಯಗಳು ಈಗಿನ ಲೆಕ್ಕದಲ್ಲಿ ಸೋಲುಗಳೇ. ಉದ್ದದ ಪಂದ್ಯಗಳ ಬಗ್ಗೆ ಮಾತು ಬಂದಾಗಲೆಲ್ಲ ಅದನ್ನು ದಾಖಲೆಯ ಬೆರಗಿನಲ್ಲೋ, ಆಟಗಾರರ ಮೈಕೈ ನೋವಿನ ಕನಿಕರದಲ್ಲೋ ಮುಗಿಸಿಬಿಡುತ್ತೇವೆ. ಆದರೆ ಟೆನಿಸ್‌ನಲ್ಲಿ ಪಂದ್ಯ ಉದ್ದವಾಗಲು ಎರಡು ಬೇರೆಬೇರೆ ಕಾರಣಗಳಿವೆ. ಒಂದು, ಆಟ ತಿರುಗುವುದರಿಂದ ಬರುವ ಉದ್ದ: ಬೀಳುತ್ತಿದ್ದವನು ಏಳುತ್ತಾನೆ, ಗೆಲ್ಲುತ್ತಿದ್ದವನು ತಡವರಿಸುತ್ತಾನೆ, ಲೆಕ್ಕ ಮತ್ತೆ ಮೊದಲಾಗುತ್ತದೆ. ಇನ್ನೊಂದು, ಆಟ ನಿಂತಲ್ಲೇ ನಿಲ್ಲುವುದರಿಂದ ಬರುವ ಉದ್ದ: ಯಾರೂ ಬೀಳುವುದಿಲ್ಲ, ಯಾರೂ ಏಳುವುದಿಲ್ಲ, ಗಡಿಯಾರವೊಂದೇ ಓಡುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಟೆನಿಸ್ ಆಡಳಿತ ಕತ್ತರಿ ಹಿಡಿದು ಎರಡನೆಯದನ್ನು ಕತ್ತರಿಸಿತು. ಅದು ಸರಿಯಾದ ಕೆಲಸ. ಅದೇ ಕೈಯಲ್ಲಿ ಮೊದಲನೆಯದಕ್ಕೂ ಕತ್ತರಿ ಹಾಕಿತು. ನನ್ನ ತಕರಾರು ಇರುವುದು ಅಲ್ಲಿ.

ಇದನ್ನು ವಿವರಿಸಲು ಆಟದ ಲೆಕ್ಕ ಸ್ವಲ್ಪ ಹೇಳಬೇಕು. ಕುಂದಾಪುರದ ಕೋಡಿಯಿಂದ ಬೈಂದೂರಿನವರೆಗೆ ಟೆನಿಸ್ ಬಾಲ್ ಎಂದರೆ ಕ್ರಿಕೆಟ್ಟೇ ನೆನಪಾಗುವುದು. ಆ ಚೆಂಡಿನ ಸ್ವಂತ ಆಟದ ಲೆಕ್ಕ ಅಷ್ಟಾಗಿ ಬಳಕೆಯಲ್ಲಿಲ್ಲ. ನಾಲ್ಕು ಪಾಯಿಂಟ್ ಮೊದಲು ಗಳಿಸಿದವನಿಗೆ ಒಂದು ಗೇಮ್, ಆದರೆ ಎರಡು ಪಾಯಿಂಟ್‌ಗಳ ಅಂತರ ಇರಬೇಕು. ಆರು ಗೇಮ್ ಮೊದಲು ಗೆದ್ದವನಿಗೆ ಒಂದು ಸೆಟ್, ಅಲ್ಲೂ ಎರಡು ಗೇಮ್‌ಗಳ ಅಂತರ ಬೇಕು. ಗೇಮಿನಿಂದ ಗೇಮಿಗೆ ಸರ್ವ್ ಮಾಡುವ ಸರದಿ ಬದಲಾಗುತ್ತದೆ. ಸರ್ವ್ ಮಾಡುವವನ ಕೈ ಮೇಲು ಎನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಮೇಲು ಎನ್ನುವುದರಲ್ಲಿ ಸ್ವಾರಸ್ಯವಿದೆ. ತನ್ನ ಸರ್ವಿನಲ್ಲಿ ನೂರಕ್ಕೆ 60 ಪಾಯಿಂಟ್ ಗೆಲ್ಲುವವನು ತನ್ನ ಗೇಮ್‌ಗಳಲ್ಲಿ ನೂರಕ್ಕೆ ಸುಮಾರು 74ನ್ನು ಉಳಿಸಿಕೊಳ್ಳುತ್ತಾನೆ. 70 ಪಾಯಿಂಟ್ ಗೆಲ್ಲುವವನು 90 ಗೇಮ್ ಉಳಿಸಿಕೊಳ್ಳುತ್ತಾನೆ. 80 ಗೆಲ್ಲುವವನು ಹತ್ತಿರಹತ್ತಿರ 98. ಪಾಯಿಂಟಿನಲ್ಲಿ ಸಣ್ಣದಾಗಿ ಕಾಣುವ ಮೇಲುಗೈ ಗೇಮಿಗೆ ಬರುವಷ್ಟರಲ್ಲಿ ಕೋಟೆಯಾಗಿಬಿಡುತ್ತದೆ. ಇಂಥ ಕೋಟೆಯೊಳಗೆ ಕುಳಿತ ಇಬ್ಬರು ಎದುರುಬದುರಾದಾಗ ಎರಡು ಗೇಮ್‌ಗಳ ಅಂತರ ಹುಟ್ಟುವುದಾದರೂ ಎಲ್ಲಿಂದ? ಸೆಟ್ 6–6ಕ್ಕೆ ಬಂದ ಮೇಲೆ ಟೈಬ್ರೇಕ್ (ಪಾಯಿಂಟ್ ಎಣಿಸಿ ಸೆಟ್ ಮುಗಿಸುವ ಒಂದೇ ನಿರ್ಣಾಯಕ ಗೇಮ್) ಇಲ್ಲದೆ ಆಡುತ್ತ ಹೋದರೆ, ಇಬ್ಬರೂ ತಮ್ಮ ಸರ್ವಿನ ಗೇಮ್‌ಗಳಲ್ಲಿ ನೂರಕ್ಕೆ 70 ಉಳಿಸಿಕೊಳ್ಳುವವರಾದರೆ ಇನ್ನು ಸರಾಸರಿ ಐದು ಗೇಮ್‌ಗಳಲ್ಲಿ ಸೆಟ್ ಮುಗಿಯುತ್ತದೆ. 90 ಉಳಿಸಿಕೊಳ್ಳುವವರಾದರೆ ಹನ್ನೊಂದು ಗೇಮ್. 97 ಆದರೆ ಮೂವತ್ತನಾಲ್ಕು. ಅಂದರೆ ಪಂದ್ಯದ ಉದ್ದ ಆಟಗಾರರ ದೊಡ್ಡತನಕ್ಕೆ ತಕ್ಕಂತೆ ಬೆಳೆಯುವುದಿಲ್ಲ, ಸರ್ವಿನ ಜೋರಿಗೆ ತಕ್ಕಂತೆ ಬೆಳೆಯುತ್ತದೆ. ಜೋರು ಒಂದು ಹದ ದಾಟಿತೆಂದರೆ ಆ ಬೆಳವಣಿಗೆಗೆ ಲಂಗುಲಗಾಮಿಲ್ಲ.

2010ರ ವಿಂಬಲ್ಡನ್‌ನಲ್ಲಿ ನಡೆದದ್ದು ಅದೇ. ಅಮೆರಿಕದ ಜಾನ್ ಇಸ್ನರ್, ಫ್ರಾನ್ಸಿನ ನಿಕೊಲಾ ಮಾಹು. ಮೊದಲ ಸುತ್ತು, 18ನೇ ನಂಬರಿನ ಅಂಗಳ. ಜೂನ್ 22ರ ಸಂಜೆ ಶುರುವಾದ ಪಂದ್ಯ ನಾಲ್ಕು ಸೆಟ್ ಆಗುವಷ್ಟರಲ್ಲಿ ಕತ್ತಲಾಯಿತು. 23ರ ಮಧ್ಯಾಹ್ನ ಐದನೆಯ ಸೆಟ್ ಆರಂಭ. ವಿಂಬಲ್ಡನ್‌ನ ಕೊನೆಯ ಸೆಟ್ಟಿಗೆ ಆಗ ಟೈಬ್ರೇಕ್ ಇರಲಿಲ್ಲ. 47–47ಕ್ಕೆ ಬಂದಾಗ ಅಂಗಳದ ಎಲೆಕ್ಟ್ರಾನಿಕ್ ಸ್ಕೋರ್ ಫಲಕ ಕೈಚೆಲ್ಲಿತು. ಅದಕ್ಕಿಂತ ಮುಂದೆ ಎಣಿಸುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. 59–59ಕ್ಕೆ ಮತ್ತೆ ಕತ್ತಲು. 24ರಂದು ಇಸ್ನರ್ 70–68ರಲ್ಲಿ ಗೆದ್ದರು. ಒಟ್ಟು 11 ಗಂಟೆ 5 ನಿಮಿಷ, 183 ಗೇಮ್. ಐದನೆಯ ಸೆಟ್ ಒಂದೇ 8 ಗಂಟೆ 11 ನಿಮಿಷ. ಅದಕ್ಕೂ ಹಿಂದಿನ ಅತಿ ಉದ್ದದ ಇಡೀ ಪಂದ್ಯ, 2004ರ ಫ್ರೆಂಚ್ ಓಪನ್‌ನಲ್ಲಿ ಫ್ಯಾಬ್ರಿಸ್ ಸ್ಯಾಂಟೊರೊ ಮತ್ತು ಆರ್ನೊ ಕ್ಲೆಮೆಂಟ್ ಆಡಿದ್ದು, 6 ಗಂಟೆ 33 ನಿಮಿಷದ್ದು. ಅಂಪೈರ್ ಮೊಹಮ್ಮದ್ ಲಹ್ಯಾನಿ ಎತ್ತರದ ಕುರ್ಚಿಯಲ್ಲಿ ಕುಳಿತು ಒಂದೊಂದೇ ಅಂಕ ಕೂಗುತ್ತಲೇ ಇದ್ದರು.

ಈ ಪಂದ್ಯದ ಒಳಗಿನ ಅಂಕಿಗಳು ಅದರ ಉದ್ದಕ್ಕಿಂತ ಹೆಚ್ಚು ಹೇಳುತ್ತವೆ. ಇಸ್ನರ್ 113 ಏಸ್ ಹೊಡೆದರು, ಮಾಹು 103. ಏಸ್ ಎಂದರೆ ಎದುರಾಳಿಯ ರ‍್ಯಾಕೆಟ್ಟಿಗೆ ತಾಗದೇ ಹೋದ ಸರ್ವ್. 183 ಗೇಮ್‌ಗಳಲ್ಲಿ ಒಬ್ಬರ ಸರ್ವನ್ನು ಇನ್ನೊಬ್ಬರು ಮುರಿದದ್ದು ಒಟ್ಟು ಮೂರೇ ಸಲ. ಅದರಲ್ಲಿ ಮೂರನೆಯದು ಕಟ್ಟಕಡೆಯ ಗೇಮ್. ನಡುವೆ ಸತತ 168 ಗೇಮ್‌ಗಳನ್ನು ಸರ್ವ್ ಮಾಡಿದವರೇ ಗೆದ್ದರು. ಐದನೆಯ ಸೆಟ್ಟಿನಲ್ಲಿ ಮಾಹು ಯಾವಾಗಲೂ ಎರಡನೆಯವರಾಗಿ ಸರ್ವ್ ಮಾಡಬೇಕಾಗಿದ್ದರಿಂದ, 4–5ರಿಂದ ಮುಂದಕ್ಕೆ ಅವರ ಪ್ರತಿ ಸರ್ವ್ ಗೇಮೂ ಸೋತರೆ ಪಂದ್ಯ ಹೋಯಿತು ಎನ್ನುವಂಥದ್ದು. ಹಾಗೆ 64 ಸಲ ಉಳಿದುಕೊಂಡರು, 65ನೆಯದರಲ್ಲಿ ಬಿದ್ದರು. ಒಟ್ಟು ಪಾಯಿಂಟ್ ಎಣಿಸಿದರೆ ಸೋತ ಮಾಹು 502, ಗೆದ್ದ ಇಸ್ನರ್ 478. ಆ ಮನುಷ್ಯನ ಎದೆಗಾರಿಕೆಯನ್ನು ಮೆಚ್ಚದೆ ಇರಲಾಗದು. ಆದರೆ ಎದೆಗಾರಿಕೆ ಬೇರೆ, ಆಟ ಬೇರೆ. ಎಂಟು ಗಂಟೆ ಒಂದೇ ದೃಶ್ಯ ನಡೆದಿತ್ತು: ದೊಡ್ಡ ಸರ್ವ್, ತಪ್ಪಿದ ಉತ್ತರ, ಮತ್ತೆ ದೊಡ್ಡ ಸರ್ವ್. ಇದು ಶತಮಾನಕ್ಕೊಮ್ಮೆ ನಡೆಯುವ ಪವಾಡ ಎಂದು ಆಗ ಎಲ್ಲ ಕಡೆ ಬರೆದರು. ಲೆಕ್ಕ ಹಾಗೆ ಹೇಳುವುದಿಲ್ಲ. ಇಬ್ಬರೂ ನೂರಕ್ಕೆ 90 ಗೇಮ್ ಉಳಿಸಿಕೊಳ್ಳುವವರಾದರೆ 6–6ರಿಂದ 68–68 ತಲುಪುವುದು ಎರಡು ಲಕ್ಷಕ್ಕೊಂದು ಸಲಕ್ಕಿಂತಲೂ ಅಪರೂಪ, ನಿಜ. ಅದೇ 97 ಆದರೆ ಸುಮಾರು ನಲವತ್ತಕ್ಕೊಂದು ಸಲ ಹಾಗಾಗಬಹುದು. ಇದು ನಿಯಮದಲ್ಲೇ ಇದ್ದ ತೂತು. ಆ ದಿನ ಅದರೊಳಗೆ ಇಬ್ಬರು ಸಿಕ್ಕಿಬಿದ್ದರು, ಅಷ್ಟೆ.

ಸಿಕ್ಕಿಬಿದ್ದವರ ಗತಿ ಏನಾಯಿತೆಂದರೆ, ಇಸ್ನರ್ ಮರುದಿನವೇ ಎರಡನೆಯ ಸುತ್ತಿನಲ್ಲಿ ನೆದರ್ಲೆಂಡ್ಸ್‌ನ ಥೀಮೊ ಡಿ ಬಾಕರ್ ಎದುರು 0–6, 3–6, 2–6ರಲ್ಲಿ ಮಣ್ಣುಮುಕ್ಕಿದರು. ಮೂರು ದಿನಗಳಲ್ಲಿ 113 ಏಸ್ ಹೊಡೆದ ತೋಳಿನಿಂದ ಅವತ್ತು ಒಂದೂ ಏಸ್ ಬರಲಿಲ್ಲ. ಎಂಟು ವರ್ಷದ ನಂತರ 2018ರಲ್ಲಿ ಅದೇ ವಿಂಬಲ್ಡನ್‌ನ ಸೆಮಿಫೈನಲ್‌ನಲ್ಲಿ ಅದೇ ಇಸ್ನರ್, ಈ ಬಾರಿ ದಕ್ಷಿಣ ಆಫ್ರಿಕಾದ ಕೆವಿನ್ ಆಂಡರ್ಸನ್ ಎದುರು, 6 ಗಂಟೆ 36 ನಿಮಿಷ ಆಡಿ ಕೊನೆಯ ಸೆಟ್ಟನ್ನು 24–26ರಲ್ಲಿ ಸೋತರು. ಅವರಿಗಾಗಿ ಕಾದು ಕುಳಿತ ಜೊಕೊವಿಚ್–ನಡಾಲ್ ಸೆಮಿಫೈನಲ್ ರಾತ್ರಿ ತಡವಾಗಿ ಶುರುವಾಗಿ ಮರುದಿನಕ್ಕೆ ಮುಂದುವರಿಯಿತು; ಮಹಿಳೆಯರ ಫೈನಲ್ ಅದರ ಹಿಂದೆ ಸರದಿ ಕಾಯಬೇಕಾಯಿತು. ಗೆದ್ದ ಆಂಡರ್ಸನ್ ಫೈನಲ್‌ನ ಮೊದಲೆರಡು ಸೆಟ್‌ಗಳಲ್ಲಿ ಎರಡೆರಡೇ ಗೇಮ್ ಗಳಿಸಿದರು. ಮುಗಿಯದ ಸೆಟ್ಟಿನ ಬಿಲ್ಲನ್ನು ಆಡಿದವರಷ್ಟೇ ಕಟ್ಟುವುದಿಲ್ಲ, ಪಕ್ಕದವರೂ ಕಟ್ಟುತ್ತಾರೆ.

ಈ ತೂತು ಹೊಸದೇನಲ್ಲ. 1969ರ ವಿಂಬಲ್ಡನ್‌ನಲ್ಲಿ 41 ವರ್ಷದ ಪಾಂಚೊ ಗೊಂಜಾಲೆಸ್ ಚಾರ್ಲಿ ಪಸರೆಲ್ ಎದುರು 22–24, 1–6, 16–14, 6–3, 11–9ರಲ್ಲಿ ಗೆದ್ದಾಗ ಎಲ್ಲ ಸೆಟ್‌ಗಳೂ ಹೀಗೇ ಬಾಗಿಲಿಲ್ಲದ ಕೋಣೆಗಳಾಗಿದ್ದವು. 1974ರಲ್ಲಿ ಕಲ್ಕತ್ತದಲ್ಲಿ ಭಾರತ ಆಸ್ಟ್ರೇಲಿಯಾವನ್ನು ಮಣಿಸಿದ ಡೇವಿಸ್ ಕಪ್ ಹಣಾಹಣಿಯಲ್ಲಿ ಐದು ಪಂದ್ಯ ಸೇರಿ ಆಡಿದ ಗೇಮ್‌ಗಳು 327. ಅದು ಆ ಕಪ್ಪಿನ ಇತಿಹಾಸದಲ್ಲೇ ದಾಖಲೆ. ಅಷ್ಟರಲ್ಲಿ ಅಮೆರಿಕದ ಜಿಮ್ಮಿ ವ್ಯಾನ್ ಆಲೆನ್ ಎಂಬ ಹಟವಾದಿ ಟೈಬ್ರೇಕನ್ನು ಹುಟ್ಟುಹಾಕಿದ್ದರು. ಯುಎಸ್ ಓಪನ್ 1970ರಲ್ಲೇ ಕೊನೆಯ ಸೆಟ್ಟೂ ಸೇರಿ ಎಲ್ಲದಕ್ಕೂ ಅದನ್ನು ಒಪ್ಪಿಕೊಂಡಿತು. ವಿಂಬಲ್ಡನ್ ಮರುವರ್ಷ ಒಪ್ಪಿತಾದರೂ ಕೊನೆಯ ಸೆಟ್ಟನ್ನು ಮಾತ್ರ ಮಡಿಯಲ್ಲಿಟ್ಟಿತು. ಆ ಮಡಿ ಸಡಿಲವಾದದ್ದು 2019ರಲ್ಲಿ, 12–12ರ ನಂತರ ಟೈಬ್ರೇಕ್ ಎಂದು. 2022ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳು ಒಂದೇ ನಿಯಮಕ್ಕೆ ಬಂದವು: ಕೊನೆಯ ಸೆಟ್ 6–6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್, ಅಲ್ಲೂ ಎರಡು ಪಾಯಿಂಟ್‌ಗಳ ಅಂತರ. ಆ ಅಂತರದ ಬೇಡಿಕೆ ಉಳಿದಿರುವುದರಿಂದ ಟೈಬ್ರೇಕೂ ಲಂಬಿಸಬಲ್ಲದು. 1984ರಲ್ಲಿ ರಿಚ್ಮಂಡ್‌ನಲ್ಲಿ ವಿಕಿ ನೆಲ್ಸನ್, ಜೀನ್ ಹೆಪ್ನರ್ ಆಡಿದ 6 ಗಂಟೆ 31 ನಿಮಿಷದ ಪಂದ್ಯ ಎರಡೇ ಸೆಟ್ಟಿನದು. ಅದರ ಟೈಬ್ರೇಕಿನಲ್ಲಿ ಒಂದೇ ಪಾಯಿಂಟಿಗೆ 29 ನಿಮಿಷ ಹಿಡಿಯಿತು, ಚೆಂಡು ಬಲೆಯ ಮೇಲೆ ಹಾರಿದ್ದು 643 ಸಲ. ಇಂಥ ಹಟ ಯಾವ ನಿಯಮದ ಹಿಡಿತಕ್ಕೂ ಸಿಗುವುದಿಲ್ಲ, ಅದನ್ನು ಬಿಟ್ಟುಬಿಡೋಣ.

ಕೊನೆಯ ಸೆಟ್ಟಿಗೆ ಕಡಿವಾಣ ಹಾಕಿದ್ದಕ್ಕೆ ಮರುಗುವವರ ಮಾತಿನಲ್ಲೂ ತೂಕವಿದೆ. ಸರಿಸಮರಲ್ಲಿ ಯಾರು ಒಂದು ಕೂದಲೆಳೆ ಮೇಲು ಎಂದು ತಿಳಿಯಲು ಎರಡು ಗೇಮ್‌ಗಳ ಅಂತರವೇ ನ್ಯಾಯವಾದ ಅಳತೆ, ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಜೂಜು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ, ಒಬ್ಬ ನೂರಕ್ಕೆ 97, ಇನ್ನೊಬ್ಬ 96 ಗೇಮ್ ಉಳಿಸಿಕೊಳ್ಳುವವರಾದಾಗ ಮುಗಿಯದ ಸೆಟ್ಟಿನಲ್ಲಿ ಮೇಲಿನವನು ಗೆಲ್ಲುವುದು ನೂರಕ್ಕೆ 57 ಸಲ ಮಾತ್ರ. ಇಷ್ಟು ಸಣ್ಣ ಖಾತರಿಗಾಗಿ ಎರಡು ದೇಹಗಳನ್ನೂ ಇಡೀ ದಿನದ ವೇಳಾಪಟ್ಟಿಯನ್ನೂ ಒತ್ತೆ ಇಡುವುದು ದುಬಾರಿ ನ್ಯಾಯ. ಹೆಚ್ಚು ಪಾಯಿಂಟ್ ಗೆದ್ದ ಮಾಹು ಸೋತದ್ದೂ ಇದೇ ನ್ಯಾಯದ ಅಂಗಳದಲ್ಲೇ ಅಲ್ಲವೇ? ಇನ್ನೊಂದು ಆಕ್ಷೇಪ, ಗಡಿ ಹಾಕಿದರೆ ರೋಮಾಂಚನ ಸಾಯುತ್ತದೆ ಎನ್ನುವುದು. 2025ರ ಫ್ರೆಂಚ್ ಓಪನ್ ಫೈನಲ್ ಅದಕ್ಕೆ ಉತ್ತರ ಕೊಟ್ಟಿದೆ. ಕಾರ್ಲೊಸ್ ಅಲ್ಕರಾಜ್ ಮೊದಲೆರಡು ಸೆಟ್ ಸೋತರು, ನಾಲ್ಕನೆಯದರಲ್ಲಿ ಯಾನಿಕ್ ಸಿನ್ನರ್ ಕೈಯಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಿದ್ದವು, ಅವನ್ನೆಲ್ಲ ದಾಟಿ ಐದನೆಯ ಸೆಟ್ಟಿನ ಟೈಬ್ರೇಕನ್ನು 10–2ರಲ್ಲಿ ಗೆದ್ದರು. 5 ಗಂಟೆ 29 ನಿಮಿಷ, ಆ ಟೂರ್ನಿಯ ಇತಿಹಾಸದ ಅತಿ ಉದ್ದದ ಫೈನಲ್. ಕೊನೆಯ ಸೆಟ್ಟಿಗೆ ಬೇಲಿ ಇದ್ದೂ ಅಷ್ಟು ಉದ್ದ ಬಂತು, ಯಾಕೆಂದರೆ ಅದು ತಿರುವಿನಿಂದ ಬಂದ ಉದ್ದ.

ಕಾಲಮಿತಿಯ ಜಗಳ ಕರಾವಳಿಯವರಿಗೆ ಹೊಸತಲ್ಲ. ಧರ್ಮಸ್ಥಳದ ಯಕ್ಷಗಾನ ಮೇಳ ಕಾಲಮಿತಿಗೆ ಹೊರಳಿದಾಗಿನಿಂದ, ಬೆಳಗಿನ ತನಕ ಆಟ ನೋಡಿ ಬೆಳೆದವರು ಈ ವಾದವನ್ನು ಎಷ್ಟು ಸಲ ಆಡಿಲ್ಲ! ಅಲ್ಲಿ ತಿಳಿದವರು ತಕರಾರು ತೆಗೆಯುವುದು ಎಷ್ಟು ಗಂಟೆ ಹೋಯಿತು ಎಂಬುದಕ್ಕಲ್ಲ, ಯಾವುದು ಹೋಯಿತು ಎಂಬುದಕ್ಕೆ. ಪೂರ್ವರಂಗ ಕಿರಿದಾದರೆ ಕೆಲವರು ಸಹಿಸಿಕೊಳ್ಳುತ್ತಾರೆ. ಪ್ರಸಂಗದ ನಡೆಯೇ ತುಂಡಾಗಿ ಪಾತ್ರ ಬೆಳೆಯಲು ಜಾಗವಿಲ್ಲದಾದರೆ ಯಾರೂ ಸಹಿಸುವುದಿಲ್ಲ. ಟೆನಿಸ್‌ಗೂ ಕೇಳಬೇಕಾದದ್ದು ಇದೇ ಪ್ರಶ್ನೆ. ಕೊನೆಯ ಸೆಟ್ಟಿನ ಟೈಬ್ರೇಕ್ ನಿಂತ ನೀರನ್ನು ಹರಿಸಿತು. ಆದರೆ ಡೇವಿಸ್ ಕಪ್ 2019ರ ಹೊಸ ಅವತಾರದಲ್ಲಿ ಐದು ಸೆಟ್‌ಗಳನ್ನೇ ಕೈಬಿಟ್ಟಿತು. ವಿಂಬಲ್ಡನ್‌ನ ಪುರುಷರ ಡಬಲ್ಸ್ 2023ರಿಂದ ಮೂರು ಸೆಟ್ಟಿಗೆ ಇಳಿಯಿತು. ಐದು ಸೆಟ್‌ಗಳ ಪಂದ್ಯಕ್ಕೆ ಮೊದಲಿಂದಲೂ ಒಂದು ಗಡಿಯಿದೆ, ಆರನೆಯ ಸೆಟ್ ಎಂಬುದಿಲ್ಲ. ಆ ಗಡಿಯೊಳಗೆ ಸೋಲುತ್ತಿರುವವನಿಗೆ ಯೋಚಿಸಲು, ಚೆಂಡು ಹೊಡೆಯುವ ಕೋನ ಬದಲಿಸಲು, ಎದುರಾಳಿಯ ದೌರ್ಬಲ್ಯ ಹುಡುಕಲು ಸಮಯ ಸಿಗುತ್ತದೆ. ಮೇಲಿನ ಆಟಗಾರನಿಗೂ ಅದು ನಷ್ಟವಲ್ಲ: ಪ್ರತಿ ಸೆಟ್ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇರುವವನು ಮೂರು ಸೆಟ್ಟಿನ ಪಂದ್ಯವನ್ನು ಸುಮಾರು 65 ಸಲ ಗೆದ್ದರೆ ಐದು ಸೆಟ್ಟಿನದನ್ನು 68 ಸಲ ಗೆಲ್ಲುತ್ತಾನೆ. ಬೆಂಗಳೂರಿನಲ್ಲಿ 2–2 ಸಾಧ್ಯವಾದದ್ದು ಈ ಜಾಗ ಇದ್ದದ್ದರಿಂದ.

ಇದಕ್ಕೆ ಎದುರಾಗಿ ಬೋಪಣ್ಣನವರನ್ನೇ ಸಾಕ್ಷಿಗೆ ಕರೆಯಬಹುದು. 2015ರ ವಿಂಬಲ್ಡನ್ ಡಬಲ್ಸ್ ಸೆಮಿಫೈನಲ್‌ನಲ್ಲಿ ಫ್ಲೋರಿನ್ ಮರ್ಜಿಯಾ ಜೊತೆ ಆಡಿದ ಅವರು ಐದನೆಯ ಸೆಟ್ಟನ್ನು 11–13ರಲ್ಲಿ ಸೋತು ಫೈನಲ್ ತಪ್ಪಿಸಿಕೊಂಡರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, ಮೊದಲ ಬಾರಿಗೆ ನಂಬರ್ ಒನ್ ಆದ ಅತಿ ಹಿರಿಯ ಎನಿಸಿಕೊಂಡರು. ಆ ಟೂರ್ನಿಯಲ್ಲಿ ಡಬಲ್ಸ್ ಮೂರೇ ಸೆಟ್ಟಿನದು. ಸೆಮಿಫೈನಲ್ ಹತ್ತು ಪಾಯಿಂಟ್‌ಗಳ ಟೈಬ್ರೇಕಿಗೆ ಹೋಗಿ 10–7ರಲ್ಲಿ ಅವರಿಗೆ ಒಲಿಯಿತು. ಮಂಡಿ ಸವೆದು, ಅಯ್ಯಂಗಾರ್ ಯೋಗ ಹಿಡಿದು ಆಟ ಉಳಿಸಿಕೊಂಡ ಮನುಷ್ಯನಿಗೆ ವಾರಕ್ಕೆ ಎರಡು ಐದು ಸೆಟ್ಟಿನ ಪಂದ್ಯ ಬಿದ್ದಿದ್ದರೆ ಈ ಕಪ್ ಬರುತ್ತಿತ್ತೇ? ಪ್ರಾಯಶಃ ಇಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾರೆ, ತಳ್ಳಿಹಾಕಬೇಕಾಗಿಯೂ ಇಲ್ಲ. ವರ್ಷವಿಡೀ ನಡೆಯುವ ಟೂರ್ನಿಗಳಲ್ಲಿ ಮೂರು ಸೆಟ್ ಇರಲಿ, ಹೆಚ್ಚಿನವು ಹಾಗೇ ಇವೆ. ಡೇವಿಸ್ ಕಪ್ಪಿನಲ್ಲಿ ಆಟಗಾರನಿಗೆ ವರ್ಷಕ್ಕೆ ಬರುವುದು ಬೆರಳೆಣಿಕೆಯ ಪಂದ್ಯ. ದೇಹ ಉಳಿಸುವ ವಾದ ಅಲ್ಲಿಗೆ ಹೊಂದುವುದಿಲ್ಲ, ಟಿವಿ ವೇಳಾಪಟ್ಟಿಯ ವಾದವಷ್ಟೇ ಉಳಿಯುತ್ತದೆ. ತಡರಾತ್ರಿಯ ತಾಪತ್ರಯಕ್ಕೂ ಬೇರೆ ಮದ್ದಿದೆ. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಆ್ಯಂಡಿ ಮರ್ರೆ ಎರಡು ಸೆಟ್ ಹಿಂದಿದ್ದವರು ಥನಾಸಿ ಕೊಕಿನಾಕಿಸ್‌ರನ್ನು ಸೋಲಿಸಿದಾಗ ಬೆಳಗಿನ ಜಾವ ನಾಲ್ಕು ದಾಟಿತ್ತು. ತಪ್ಪು ಐದು ಸೆಟ್ಟಿನದಲ್ಲ, ರಾತ್ರಿ ಹತ್ತರ ನಂತರ ಆಟ ಶುರು ಮಾಡಿಸಿದವರದು.

ಕೊನೆಗೊಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಐದು ಸೆಟ್ ಅಷ್ಟು ಬೆಲೆಯುಳ್ಳದ್ದಾದರೆ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಮಹಿಳೆಯರಿಗೆ ಯಾಕಿಲ್ಲ? ತಾಕತ್ತಿನ ಮಾತು ತೆಗೆಯುವವರು 2011ರ ಆಸ್ಟ್ರೇಲಿಯನ್ ಓಪನ್‌ನ ಸ್ಕಿಯವೊನೆ–ಕುಜ್ನೆತ್ಸೊವಾ ಪಂದ್ಯ ನೋಡಬೇಕು: ಮೂರೇ ಸೆಟ್, ಕೊನೆಯದು 16–14, 4 ಗಂಟೆ 44 ನಿಮಿಷ. ಅದಕ್ಕೂ ಮೊದಲು, 1984ರಿಂದ 1998ರವರೆಗೆ ಮಹಿಳೆಯರ ವರ್ಷಾಂತ್ಯದ ಚಾಂಪಿಯನ್‌ಷಿಪ್‌ನ ಫೈನಲ್ ಐದು ಸೆಟ್‌ಗಳದ್ದೇ ಆಗಿತ್ತು. 1990ರಲ್ಲಿ ಮೋನಿಕಾ ಸೆಲೆಸ್ ಒಂದು ಹಂತದಲ್ಲಿ 1–2 ಸೆಟ್‌ಗಳಿಂದ ಹಿಂದಿದ್ದು ಗೇಬ್ರಿಯೆಲಾ ಸಬಾಟಿನಿಯವರನ್ನು ಐದನೆಯದರಲ್ಲಿ ಮಣಿಸಿದರು. ಮೂರು ಸೆಟ್ಟಿನದಾಗಿದ್ದರೆ ಕಪ್ ಸಬಾಟಿನಿ ಪಾಲು. ಮೊದಲ ವಾರದಲ್ಲಿ ಅಂಗಳಗಳ ಮೇಲೆ ಪಂದ್ಯಗಳು ಮುಗಿಬಿದ್ದಿರುತ್ತವೆ. ಆಗ ಗಂಡಸರು ಹೆಂಗಸರು ಇಬ್ಬರಿಗೂ ಮೂರು ಸೆಟ್ ಸಾಕು. ಕ್ವಾರ್ಟರ್‌ಫೈನಲ್‌ನಿಂದ ಮುಂದೆ ಪಂದ್ಯಗಳು ಕಡಿಮೆ, ನಡುವೆ ವಿರಾಮದ ದಿನಗಳಿವೆ. ಅಲ್ಲಿಂದ ಇಬ್ಬರಿಗೂ ಐದು ಸೆಟ್, ಕೊನೆಯದಕ್ಕೆ ಈಗಿರುವಂತೆಯೇ ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಡೇವಿಸ್ ಕಪ್ಪಿನಲ್ಲಿ ಮತ್ತು ಮಹಿಳೆಯರ ಬಿಲ್ಲಿ ಜೀನ್ ಕಿಂಗ್ ಕಪ್ಪಿನಲ್ಲಿ ಕೊನೆಪಕ್ಷ ಡಬಲ್ಸ್ ಪಂದ್ಯವನ್ನಾದರೂ ಐದು ಸೆಟ್ಟಿನದಾಗಿಸಬಹುದು. ದೇಶಗಳ ಹಣಾಹಣಿಯಲ್ಲಿ ತಕ್ಕಡಿ ಎತ್ತ ವಾಲುತ್ತದೆ ಎನ್ನುವುದನ್ನು ಹಲವು ಸಲ ತೀರ್ಮಾನಿಸುವುದು ಆ ಒಂದು ಪಂದ್ಯವೇ.